ಡಬ್ಬಿ ಬಿಟ್ಟು ಸ್ಲೇಟ್ ಹಿಡಿದಿದ್ದು: ವೇರಿಯಬಲ್ ಹೇಳ್ಕೊಡೋ ಒಂದು ಆನಿಮೇಷನ್ ವಿಡಿಯೋದ ಪ್ರಕರಣ

ನಮ್ಮಕ್ಕ ದಾವಣಗೆರೆ ಕಡೆ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಲೆಕ್ಚರರ್. ಡಿಪ್ಲೊಮಾ ಹುಡುಗ್ರು ಅಂದ್ರೆ ಗೊತ್ತಲ್ಲ, ಎಸ್ಸೆಸ್ಸೆಲ್ಸಿ ಮುಗಿಸ್ಕೊಂಡು ನೇರ ಬಂದಿರ್ತಾರೆ, ಸುಮಾರು ಜನ ಅಲ್ಲಿವರೆಗೂ ಓದಿದ್ದು ಕನ್ನಡ ಮೀಡಿಯಮ್ಮು, ಇಲ್ಲಿ ಬಂದ ತಕ್ಷಣ ಪುಸ್ತಕ ಇಂಗ್ಲಿಷು, ಲ್ಯಾಬ್ ಮ್ಯಾನ್ಯುಯಲ್ ಇಂಗ್ಲಿಷು, ಕಂಪ್ಯೂಟರ್ ಬೈಯೋದೂ ಇಂಗ್ಲಿಷಲ್ಲೇ. ಪ್ರೋಗ್ರಾಮನ್ನ ಬಾಯಿಪಾಠ ಮಾಡಿ ಎಕ್ಸಾಮ್ ಬರೀತಾರೆ, ವೈವಾದಲ್ಲಿ ಒಂದು ಲೈನ್ ಹಿಂದೆ ಮುಂದೆ ಮಾಡಿ ಕೇಳಿದ್ರೆ ಸೀಲಿಂಗ್ ನೋಡ್ತಾರೆ. ಅಕ್ಕ ಒಂದು ಭಾನುವಾರ ಫೋನ್ ಮಾಡಿ "ನೀನು ಬೆಂಗಳೂರಲ್ಲಿ ಕೂತು ಅದೇನೇನೋ ಗ್ರಾಫಿಕ್ಸ್ ಮಾಡ್ತೀಯಲ್ಲೋ, ನಮ್ ಹುಡುಗ್ರಿಗೆ ವೇರಿಯಬಲ್ ಅಂದ್ರೇನು ಅಂತ ಕನ್ನಡದಲ್ಲಿ ಒಂದು ನಾಲ್ಕು ನಿಮಿಷದ ವಿಡಿಯೋ ಮಾಡ್ಕೊಡು, ಕಾರ್ಟೂನ್ ಥರ ಇರ್ಲಿ" ಅಂದ್ಲು. ವೇರಿಯಬಲ್ ಅಂದ್ರೆ ಪ್ರೋಗ್ರಾಮಲ್ಲಿ ಒಂದು ಅಂಕಿನೋ ಮಾಹಿತಿನೋ ನೆನಪಿಟ್ಕೊಳ್ಳೋಕೆ ನಾವು ಇಡೋ ಹೆಸರು. ಅದೇನ್ ಮಹಾ, ಎರಡು ವೀಕೆಂಡ್ ಕೆಲಸ ಅಂದೆ ನಾನು. ಆ ಎರಡು ವೀಕೆಂಡು ಐದು ತಿಂಗಳಾಯ್ತು. ಯಾಕಾಯ್ತು ಅಂತ ಪೂರ್ತಿ ಬರೆದಿಡೋಣ ಅನ್ನಿಸ್ತು, ಯಾಕಂದ್ರೆ ಕನ್ನಡದಲ್ಲಿ ಇಂಥ ವಿಡಿಯೋ ಮಾಡೋಕೆ ಹೊರಟಿರೋರು ಇನ್ನೂ ಒಂದಷ್ಟು ಜನ ಇದೀರ, ನಾನು ಬಿದ್ದ ಗುಂಡಿಗೇ ನೀವೂ ಬೀಳೋದು ಬೇಡ.

ಮೊದಲನೇ ವಿಡಿಯೋ, ಅಂದ್ರೆ ಡಬ್ಬಿ

ನಾನು ಬಳಸಿದ್ದು ಮ್ಯಾನಿಮ್. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಕೋಡ್ ಬರೆದ್ರೆ ಆನಿಮೇಷನ್ ಮಾಡಿ ಕೊಡೋ ಲೈಬ್ರರಿ, ಅಂದ್ರೆ ರೆಡಿಮೇಡ್ ಕೋಡಿನ ಸಂಗ್ರಹ ಅದು, ಗಣಿತದ ವಿಡಿಯೋಗಳಿಗೆ ಹೆಸರಾದ ಗ್ರ್ಯಾಂಟ್ ಸ್ಯಾಂಡರ್ಸನ್ ತಮ್ಮ ಚಾನೆಲ್‌ಗೋಸ್ಕರ ಬರ್ಕೊಂಡಿದ್ದು, 2020ರಿಂದ ಅದರದ್ದೊಂದು ಕಮ್ಯುನಿಟಿ ಆವೃತ್ತಿ ಬೇರೆಯಾಗಿ ಬೆಳೀತಿದೆ, ನನ್ನ ಹತ್ರ ಇರೋದು ಅದು. ದುಡ್ಡು ಕೊಡೋ ಹಂಗಿಲ್ಲ, ಮೌಸ್ ಹಿಡಿದು ಎಳೆದಾಡೋ ಕೆಲಸ ಇಲ್ಲ, ಏನಾದ್ರೂ ತಪ್ಪಾದ್ರೆ ಒಂದು ನಂಬರ್ ತಿದ್ದಿ ವಿಡಿಯೋ ಮತ್ತೆ ತಯಾರಾಗೋಕೆ ಹಾಕಿ ಟೀ ಕುಡಿದು ಬರಬಹುದು.

ವೇರಿಯಬಲ್ ಅಂದ್ರೆ ಡಬ್ಬಿ ಅಂತ ನಂಗೂ ನಮ್ಮ ಮೇಷ್ಟ್ರು ಹಂಗೇ ಹೇಳ್ಕೊಟ್ಟಿದ್ದು. ಸರಿ, ಅಡುಗೆಮನೆ ಸ್ಟೀಲ್ ಡಬ್ಬಿ ಒಂದು ಬರೆದೆ, ಹೊಳೆಯೋ ಮುಚ್ಚಳ, ಹೊಟ್ಟೆ ಮೇಲೆ ಹೆಸರಿನ ಚೀಟಿ. ಪ್ರೋಗ್ರಾಮು ಟೊಮೆಟೊ ರೇಟಿಂದು, ನಿನ್ನೆ 10 ಇತ್ತು ಇವತ್ತು 15 ಆಯ್ತು, ನಿನ್ನೇದನ್ನ ನೆನಪಿಟ್ಕೋಬೇಕು, ಅಷ್ಟೇ. ಮೂರೇ ಲೈನು:

ಬೆಲೆ = 10
ಹಳೇಬೆಲೆ = ಬೆಲೆ
ಬೆಲೆ = 15

ಹೌದು, ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು, ಮೇಲಿಂದು ಹಂಗೇ ರನ್ ಆಗುತ್ತೆ, ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ. ಒಂದೇ ಕಿರಿಕಿರಿ ಏನಪ್ಪಾ ಅಂದ್ರೆ ಕೀಬೋರ್ಡಲ್ಲಿ ಅರ್ಧಾಕ್ಷರ ಬಿಡಿಸಿ ಬರೆಯೋಕೆ ಹಾಕ್ತೀವಲ್ಲ ಆ ಕಣ್ಣಿಗೆ ಕಾಣದ ಕ್ಯಾರೆಕ್ಟರು, ಅದು ಹೆಸರಿನೊಳಗೆ ಸೇರ್ಕೊಂಡ್ರೆ ಪೈಥಾನ್ ಎರರ್ ಕೊಡುತ್ತೆ, ಕಾಣದೇ ಇರೋದನ್ನ ಹುಡುಕೋಕೆ ನಂಗೆ ಒಂದು ಸಂಜೆ ಹೋಯ್ತು. 'ಬೆಲೆ', 'ಮೊತ್ತ' ಇಂಥ ಸರಳ ಹೆಸರು ಇಟ್ರೆ ಆ ತಂಟೆ ಇಲ್ಲ. ಎಕ್ಸಾಮಲ್ಲಿ ಅವರು ಇಂಗ್ಲಿಷ್ ಹೆಸರೇ ಬರೀಬೇಕು, ಆದ್ರೆ ಮೊದಲ ದಿನ ಯಾವುದು ಪೈಥಾನ್ ಭಾಷೆಯ ಪದ, ಯಾವುದು ನಾವೇ ಇಟ್ಟ ಹೆಸರು ಅನ್ನೋದು ಇದರಿಂದ ಕಣ್ಣಿಗೇ ಬೇರೆ ಬೇರೆ ಕಾಣುತ್ತೆ, ಅದೊಂದು ಲಾಭ.

ಆನಿಮೇಷನ್ ಹೆಂಗಿತ್ತು ಅಂದ್ರೆ, ಮೊದಲ ಲೈನ್ ಬಂದಾಗ 10 ಅನ್ನೋ ಅಂಕಿ ಹಾರಿ ಬಂದು ಬೆಲೆ ಡಬ್ಬಿಲಿ ಟಣ್ ಅಂತ ಬೀಳುತ್ತೆ. ಎರಡನೇ ಲೈನಿಗೆ ಮುಚ್ಚಳ ತೆಗೆಯುತ್ತೆ, 10 ಒಳಗಿಂದ ಎದ್ದು ಕಮಾನಿನ ಥರ ಹಾರಿ ಹಳೇಬೆಲೆ ಡಬ್ಬಿಗೆ ಹೋಗಿ ಕೂರುತ್ತೆ, ಮತ್ತೆ ಟಣ್. ಮೂರನೇ ಲೈನಿಗೆ 15 ಬಂದು ಬೆಲೆ ಡಬ್ಬಿ ಸೇರ್ಕೊಳ್ಳುತ್ತೆ, ಮುಚ್ಚಳ ಮುಚ್ಚುತ್ತೆ. ಹಿಂದೆ ಸಣ್ಣಗೆ ಕೊಳಲು, ಶುರುವಲ್ಲಿ 20 ಸೆಕೆಂಡ್ ತಿರುಗೋ ಲೋಗೋ. ಆಫೀಸಲ್ಲಿ ತೋರಿಸ್ದೆ, ಎಲ್ಲಾ ಸೂಪರ್ ಗುರು ಅಂದ್ರು. ಅವರಿಗೆಲ್ಲಾ ವೇರಿಯಬಲ್ ಆಗ್ಲೇ ಗೊತ್ತು ಅನ್ನೋದು ಆ ಹೊತ್ತಿಗೆ ನನ್ನ ತಲೆಗೆ ಹೊಳೀಲಿಲ್ಲ.

ಚೀಟಿಗಳು

ಅಕ್ಕ ಲ್ಯಾಬಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದ್ಲು. ಆಮೇಲೆ ಅವಳು ಮಾಡಿದ ಕೆಲಸ ಇಡೀ ಪ್ರಾಜೆಕ್ಟಲ್ಲಿ ಎಲ್ಲಕ್ಕಿಂತ ಬುದ್ಧಿವಂತಿಕೆಯ ಕೆಲಸ. ಅರ್ಥ ಆಯ್ತಾ ಅಂತ ಕೇಳ್ಲಿಲ್ಲ, ಕೇಳಿದ್ರೆ ಎಲ್ಲರೂ ಹೂಂ ಮೇಡಂ ಅಂತಾರೆ. ನೋಟ್‌ಬುಕ್ಕಿನ ಹಾಳೆ ಅರ್ಧ ಹರಿದು ಕೊಟ್ಟು, ಎರಡನೇ ಲೈನ್ ಮುಗಿದಾಗ ಬೆಲೆಯಲ್ಲಿ ಏನಿದೆ, ಮೂರನೇ ಲೈನ್ ಮುಗಿದಾಗ ಎರಡರಲ್ಲೂ ಏನೇನಿದೆ ಬರೀರಿ ಅಂದ್ಲು, ಹೆಸರು ಹಾಕೋದು ಬೇಡ ಅಂತಾನೂ ಹೇಳಿದ್ಲು. ಸಾಯಂಕಾಲ ಆ ಚೀಟಿಗಳ ಫೋಟೋ ವಾಟ್ಸಾಪಲ್ಲಿ ಬಂತು ನೋಡಿ, ನನ್ನ ಮುಖ ಚಿಕ್ಕದಾಯ್ತು.

ಸರಿ ಬರೆದಿದ್ದೋರು ಅರ್ಧಕ್ಕಿಂತ ಕಮ್ಮಿ. ಉಳಿದೋರ ತಪ್ಪು ಮೂರು ಥರ. ಒಂದಷ್ಟು ಜನ, ಎರಡನೇ ಲೈನ್ ಆದ್ಮೇಲೆ ಬೆಲೆಯಲ್ಲಿ ಏನೂ ಇಲ್ಲ, ಖಾಲಿ. ಇನ್ನೊಂದಷ್ಟು ಜನ, ಮೂರನೇ ಲೈನ್ ಆದ್ಮೇಲೆ ಬೆಲೆಯಲ್ಲಿ 10 ಮತ್ತು 15 ಎರಡೂ ಇದೆ, ಅದರಲ್ಲೇ ಇಬ್ಬರು ಕೂಡಿಸಿ 25 ಅಂತಾನೂ ಬರೆದಿದ್ರು. ಮೂರನೇ ಗುಂಪು, ಬೆಲೆ 15 ಆಯ್ತಲ್ಲ ಹಂಗಾಗಿ ಹಳೇಬೆಲೆನೂ 15 ಆಗುತ್ತೆ, ಯಾಕಂದ್ರೆ ಹಳೇಬೆಲೆ ಈಕ್ವಲ್ ಟು ಬೆಲೆ ಅಂತ ಮೇಲೇನೇ ಹೇಳಿದೀವಿ.

ಅಕ್ಕ ಮಾರನೇ ದಿನ ಕ್ಲಾಸಲ್ಲಿ ಖಾಲಿ ಯಾಕ್ರೋ ಆಗುತ್ತೆ ಅಂತ ಕೇಳಿದ್ದಕ್ಕೆ ಮುಂದಿನ ಬೆಂಚಿನ ಹುಡುಗ ಒಬ್ಬ "ಹೋಯ್ತಲ್ಲ ಮೇಡಂ, ನೀವೇ ತೋರ್ಸಿದ್ರಲ್ಲ, ಹಾರ್ಕೊಂಡ್ ಹೋಯ್ತು" ಅಂದ.

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ವಿಡಿಯೋದಲ್ಲಿ 10 ಎದ್ದು ಹೋಗುತ್ತೆ, ಬೆಲೆ ಡಬ್ಬಿ ಖಾಲಿ ಆಗುತ್ತೆ, ಅದನ್ನ ನಾನು ಅಷ್ಟು ಚೆಂದ ಮಾಡಿ ತೋರಿಸಿದೀನಿ. ನಾನು ಬಾಯಲ್ಲಿ ನಕಲು ಅಂತಿದೀನಿ, ಚಿತ್ರ ಸ್ಥಳಾಂತರ ಅಂತಿದೆ, ಹುಡುಗ್ರು ಚಿತ್ರಾನ ನಂಬಿದ್ರು. ಎರಡನೇ ಗುಂಪಿನವರದ್ದೂ ಅಷ್ಟೇ, ಡಬ್ಬಿ ಅಂದ್ಮೇಲೆ ಮೇಲೆ ಮೇಲೆ ಹಾಕ್ತಾ ಹೋಗಬಹುದು, ಹಳೇ ಬೇಳೆ ಮೇಲೆ ಹೊಸ ಬೇಳೆ ಸುರಿಯಲ್ವಾ ಮನೇಲಿ. ಹಳೇದು ಎಲ್ಲೂ ಅಳಿದುಹೋಗಿದ್ದನ್ನ ನಾನು ತೋರಿಸ್ಲೇ ಇಲ್ಲ, ಅದರ ಮೇಲೆ ಮುಚ್ಚಳ ಬೇರೆ ಮುಚ್ಚಿದೆ, ಒಳಗೆ ಏನಿದೆ ಅಂತ ಯಾರಿಗೆ ಕಾಣುತ್ತೆ. ಮೂರನೇ ಗುಂಪಿಂದು ಮಾತ್ರ ಚಿತ್ರದ ತಪ್ಪಲ್ಲ, ಅದು ಗಣಿತದ ಪಾಠದಿಂದ ಬಂದಿದ್ದು, ಅಲ್ಲಿ ಸಮ ಅಂದ್ರೆ ಸಮ, ಯಾವಾಗ್ಲೂ ಸಮ.

ಆಮೇಲೆ ಹುಡುಕಿದಾಗ ಗೊತ್ತಾಗಿದ್ದು ಏನಂದ್ರೆ ಇವೆಲ್ಲಾ ಹಳೇ ರೋಗಗಳೇ. ಬ್ರಿಟನ್ನಿನ ಬೆನ್ ಡು ಬೊಲೆ ಅನ್ನೋರು 1986ರಲ್ಲಿ ಹೊಸಬರು ಪ್ರೋಗ್ರಾಮಿಂಗ್ ಕಲಿಯುವಾಗ ಎಲ್ಲೆಲ್ಲಿ ಎಡವುತ್ತಾರೆ ಅಂತ ಬರೆದಿರೋ ಲೇಖನದಲ್ಲಿ ಡಬ್ಬಿ ಹೋಲಿಕೆಯ ಈ ಅಪಾಯ, ಅಂದ್ರೆ ಒಂದೇ ಡಬ್ಬಿಲಿ ಎರಡು ಮೌಲ್ಯ ಇರಬಹುದು ಅಂತ ಕಲಿಯೋರು ಅಂದ್ಕೊಳ್ಳೋದು, ಆಗ್ಲೇ ಇದೆ. ನಾನು ಅಷ್ಟು ವರ್ಷ ಆದ್ಮೇಲೆ ಅದೇ ತಪ್ಪಿಗೆ ಟಣ್ ಸೌಂಡ್ ಹಾಕಿ ಬಿಟ್ಟಿದೀನಿ. ಇನ್ನೊಂದು, ಬಾರ್ಬರಾ ಟ್ವರ್ಸ್ಕಿ ಮತ್ತು ಇಬ್ಬರು ಸಹಲೇಖಕರು 2002ರಲ್ಲಿ ಆನಿಮೇಷನ್ ನಿಜವಾಗ್ಲೂ ಕಲಿಕೆಗೆ ಸಹಾಯ ಮಾಡುತ್ತಾ ಅಂತ ಪರಿಶೀಲನೆ ಮಾಡಿದ್ರು, ಅವರು ಹೇಳಿದ್ದು ಸುಮಾರು ಕಡೆ ಸ್ಥಿರ ಚಿತ್ರಕ್ಕಿಂತ ಹೆಚ್ಚಿನ ಉಪಯೋಗ ಕಾಣ್ಲಿಲ್ಲ ಅಂತ. ಕಾರಣ ಎರಡು ಕೊಡ್ತಾರೆ, ಒಂದು ಚಿತ್ರದ ಚಲನೆ ಹೇಳಬೇಕಾದ ವಿಷಯದ ಚಲನೆಗೆ ಹೊಂದಬೇಕು, ಎರಡು ಅದು ನೋಡೋರ ಕಣ್ಣಿಗೆ ಸಿಗೋಷ್ಟು ನಿಧಾನ ಇರಬೇಕು. ನಂದು ಎರಡರಲ್ಲೂ ಫೇಲು.

ಸ್ಲೇಟು ಬಂದಿದ್ದು

ಮೊದಲು ನಾನು ಇದನ್ನ ಒಂದು ಲೈನಿನ ರಿಪೇರಿ ಅಂದ್ಕೊಂಡೆ. ಮ್ಯಾನಿಮ್‌ನಲ್ಲಿ ಒಂದು ವಸ್ತುವನ್ನೇ ಎತ್ಕೊಂಡು ಹೋಗೋ ಬದಲು ಅದರ ಪ್ರತಿ ಹುಟ್ಟಿಸಿ ಆ ಪ್ರತೀನ ಕಳಿಸೋಕೆ ಟ್ರಾನ್ಸ್‌ಫಾರ್ಮ್ ಫ್ರಮ್ ಕಾಪಿ ಅಂತಾನೇ ಒಂದಿದೆ. ಹಾಕ್ದೆ, ಈಗ 10 ಅಲ್ಲೂ ಉಳೀತು ಇಲ್ಲೂ ಬಂತು. ಅಕ್ಕಂಗೆ ಕಳಿಸಿದ್ರೆ ಅವಳು "ಡಬ್ಬಿಲಿರೋ ಬೇಳೆ ಎರಡಾಗೋದು ಎಲ್ಲಾದ್ರೂ ನೋಡಿದೀಯೇನೋ" ಅಂದ್ಲು. ನೋಡಿಲ್ಲ. ಡಬ್ಬಿ ಇರೋವರೆಗೂ ನಕಲು ಅನ್ನೋದು ಮ್ಯಾಜಿಕ್ ಥರಾನೇ ಕಾಣುತ್ತೆ, ಮ್ಯಾಜಿಕ್ ತೋರಿಸಿ ಅರ್ಥ ಮಾಡಿಸೋಕಾಗಲ್ಲ.

ಉತ್ತರ ಕ್ಲಾಸಿಂದಾನೇ ಬಂತು. ಅಕ್ಕ ಬೋರ್ಡ್ ಮೇಲೆ ಬರ್ಕೊಂಡು ಒದ್ದಾಡ್ತಿದ್ದಾಗ ಹಿಂದಿನ ಬೆಂಚಿಂದ ಒಬ್ಬ "ಅಂದ್ರೆ ಪಕ್ಕದೋನ್ದು ನೋಡ್ಕೊಂಡ್ ಬರ್ಕೊಳ್ಳೋದು, ಅಷ್ಟೇ ತಾನೇ ಮೇಡಂ?" ಅಂದನಂತೆ, ಇಡೀ ಕ್ಲಾಸ್ ನಕ್ಕಿತಂತೆ. ಅಕ್ಕ ರಾತ್ರಿ ಫೋನಲ್ಲಿ ಇದನ್ನ ಜೋಕ್ ಅಂತಾನೇ ಹೇಳಿದ್ದು. ನಾನು ಊಟ ಮಾಡ್ತಿದ್ದೋನು ಅರ್ಧಕ್ಕೇ ಎದ್ದೆ.

ಸ್ಲೇಟು! ಅಂಗನವಾಡೀಲಿ ಹಿಡಿದಿದ್ವಲ್ಲ ಕರೀ ಸ್ಲೇಟು, ಬಳಪ, ಅಕ್ಕನ ಹುಡುಗ್ರಲ್ಲಿ ಕೆಲವರು ಪಾಟಿ ಅಂತಾರೆ. ಪಕ್ಕದೋನ ಸ್ಲೇಟ್ ನೋಡಿ ಬರ್ಕೊಂಡ್ರೆ ಅವನದ್ದು ಅಳಿದುಹೋಗಲ್ಲ. ಹೊಸದು ಬರೀಬೇಕಂದ್ರೆ ಹಳೇದನ್ನ ಒರೆಸ್ಲೇಬೇಕು, ಬೇಕಾದ್ರೆ ಎಂಜಲು ಹಚ್ಚಿ. ಒರೆಸಿದ್ದು ವಾಪಸ್ ಬರಲ್ಲ. ಆಮೇಲೆ, ನಾನು ನೋಡಿ ಬರ್ಕೊಂಡಾದ್ಮೇಲೆ ಅವನು ತನ್ನ ಸ್ಲೇಟಲ್ಲಿ ಏನೇ ತಿದ್ದಿದ್ರೂ ನನ್ನ ಸ್ಲೇಟ್ ತಾನಾಗೇ ಬದಲಾಗಲ್ಲ. ಮೂರೂ ಗುಂಪಿನ ತಪ್ಪಿಗೆ ಒಂದೇ ಸಾಮಾನಲ್ಲಿ ಉತ್ತರ ಇತ್ತು, ಮೇಲಾಗಿ ಮುಚ್ಚಳ ಇಲ್ಲ.

ಹೊಸ ವಿಡಿಯೋದಲ್ಲಿ ಏನೂ ಹಾರಲ್ಲ. ಮರದ ಚೌಕಟ್ಟಿನ ಎರಡು ಸ್ಲೇಟು, ಮೇಲ್ಗಡೆ ಕಟ್ಟಿನ ಮೇಲೆ ಹೆಸರು. ಎರಡನೇ ಲೈನ್ ಬಂದಾಗ ಬೆಲೆ ಸ್ಲೇಟಿನ ಸುತ್ತ ಒಂದು ಬಿಳೀ ಗೆರೆ ಮಿನುಗುತ್ತೆ, ನೋಡು ಅಂತ. ಆಮೇಲೆ ಹಳೇಬೆಲೆ ಸ್ಲೇಟಲ್ಲಿ ಬಳಪ ಅಂಕಿ ಬರೆಯುತ್ತೆ. ಮೂರನೇ ಲೈನಿಗೆ ಬಟ್ಟೆ ಬಂದು 10ನ್ನ ಒರೆಸುತ್ತೆ, ಸ್ಲೇಟ್ ಒಂದು ಸೆಕೆಂಡ್ ಪೂರ್ತಿ ಖಾಲಿ ಇರುತ್ತೆ, ಅಲ್ಲಿ ಬೇಕಂತಲೇ ನಿಲ್ಲಿಸಿದೀನಿ, ಆಮೇಲೆ 15. ಒರೆಸಿದ ಮೇಲೂ ಸ್ವಲ್ಪ ಮಸುಕು ಉಳಿಸಿದ್ರೆ ನೈಜವಾಗಿರುತ್ತೆ ಅಂತ ಮೊದಲು ಹಳೇ 10ರ ನೆರಳು ಬಿಟ್ಟಿದ್ದೆ, ಆಮೇಲೆ ಭಯ ಆಯ್ತು, ನಾಳೆ ಇನ್ನೊಬ್ಬ ಎದ್ದು ಹಳೇದೂ ಸ್ವಲ್ಪ ಇರುತ್ತಲ್ಲ ಮೇಡಂ ಅಂದ್ರೆ? ತೆಗೆದೆ. ಕೊಳಲೂ ತೆಗೆದೆ, ಲೋಗೋನೂ ತೆಗೆದೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿರೋ ರಿಚರ್ಡ್ ಮೇಯರ್ ಮಲ್ಟಿಮೀಡಿಯಾ ಪಾಠಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಹೇಳೋದೂ ಅದೇ, ಪಾಠಕ್ಕೆ ಸಂಬಂಧ ಇಲ್ಲದ ಮ್ಯೂಸಿಕ್ಕು, ಅಲಂಕಾರ ತೆಗೆದಷ್ಟೂ ಕಲಿಕೆ ಹೆಚ್ಚುತ್ತೆ ಅಂತ. ಕೊಳಲು ತೆಗೆಯೋವಾಗ ಮನಸ್ಸಿಗೆ ಬೇಜಾರಾಗಿದ್ದು ಹೌದು.

ದನಿ ಮತ್ತು ಚಿತ್ರದ ಜಗಳ

ಇದು ಕನ್ನಡದಲ್ಲಿ ಮಾಡೋರು ಗಮನಿಸಬೇಕಾದ್ದು. ದನಿ ಅಕ್ಕಂದೇ, ಹುಡುಗ್ರಿಗೆ ಪರಿಚಯದ ದನಿ, ಅವಳು ರೂಮಿನ ಬಾಗಿಲು ಹಾಕಿ ಕೌದಿ ಹೊದ್ಕೊಂಡು ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸೋಳು, ಒಂದು ಟೇಕಲ್ಲಿ ಕುಕ್ಕರ್ ವಿಶಲ್ ಇದೆ. ಚಿತ್ರಕ್ಕೆ ಕೂಡಿಸಿದ್ರೆ ಏನೋ ಸರಿ ಇಲ್ಲ, ನೋಡ್ತಾ ನೋಡ್ತಾ ತಲೆನೋವು ಬರೋ ಥರ. ಮೂರು ದಿನ ಆದ್ಮೇಲೆ ಗೊತ್ತಾಯ್ತು. ನಾನು ಆನಿಮೇಷನ್ ಟೈಮಿಂಗ್ ಇಟ್ಟಾಗ ತಲೇಲಿ ಓಡ್ತಿದ್ದಿದ್ದು ಇಂಗ್ಲಿಷ್ ವಾಕ್ಯ, ಅದರಲ್ಲಿ ಕ್ರಿಯಾಪದ ಮೊದಲೇ ಬರುತ್ತೆ, ಕಾಪಿ ಅಂದ ತಕ್ಷಣ ಚಿತ್ರ ಚಲಿಸೋಕೆ ಶುರು. ಅಕ್ಕ ಓದಿದ್ದು "ಹಳೇಬೆಲೆ ಅನ್ನೋ ಸ್ಲೇಟಿನ ಮೇಲೆ ಬೆಲೆ ಅನ್ನೋ ಸ್ಲೇಟಲ್ಲಿರೋ ಸಂಖ್ಯೆಯನ್ನ ನಕಲು ಮಾಡ್ತೀವಿ". ಕನ್ನಡದಲ್ಲಿ ಮಾಡೋ ಕೆಲಸ ವಾಕ್ಯದ ಬಾಲದಲ್ಲಿರುತ್ತೆ. ಅವಳು ಮಾಡ್ತೀವಿ ಅನ್ನೋ ಹೊತ್ತಿಗೆ ಬಳಪ ಬರೆದು ಮುಗಿಸಿ ಬದೀಲಿ ನಿಂತಿದೆ. ಮೇಯರ್ ಹೇಳೋ ಇನ್ನೊಂದು ವಿಷಯ, ಮಾತು ಮತ್ತು ಚಿತ್ರ ಒಂದೇ ಕ್ಷಣದಲ್ಲಿ ಬರಬೇಕು ಅಂತ, ನಂದು ಮೂರು ಸೆಕೆಂಡ್ ಅಡ್ಡಾಡ್ತಿತ್ತು.

ಚಿತ್ರಾನ ಮೂರು ಸೆಕೆಂಡ್ ತಡ ಮಾಡಿದ್ರೆ ಮುಗೀತಿತ್ತು, ಆದ್ರೆ ಆ ವಾಕ್ಯಾನೇ ಭಾರ, ಅಕ್ಕ ಕ್ಲಾಸಲ್ಲಿ ಯಾವತ್ತೂ ಹಂಗೆ ಮಾತಾಡಲ್ಲ. ಅವಳು ಸ್ವಂತ ಮಾತಲ್ಲಿ ಹೇಳು ಅಂದಾಗ ಹೇಳಿದ್ದು: "ಬಲಗಡೆ ಏನಿದೆ ನೋಡಿ, ಎಡಗಡೆ ಸ್ಲೇಟ್ ಒರೆಸಿ, ಅಲ್ಲಿ ಬರಿ." ನೋಡಿ, ಒರೆಸಿ, ಬರಿ. ಇದನ್ನ ಕೇಳಿ ನಾನು ಸುಮ್ಮನಾಗ್ಬಿಟ್ಟೆ, ಯಾಕಂದ್ರೆ ಕಂಪ್ಯೂಟರ್ ಮಾಡೋದೂ ಅದೇ ಕ್ರಮದಲ್ಲಿ, ಮೊದಲು ಬಲಗಡೆದನ್ನ ಲೆಕ್ಕ ಹಾಕುತ್ತೆ, ಆಮೇಲೆ ಎಡಗಡೆ ಹೆಸರಿಗೆ ಕೊಡುತ್ತೆ. ನಮ್ಮ ಭಾಷೇಲಿ ಎದ್ದು, ಮುಖ ತೊಳೆದು, ಕಾಫಿ ಕುಡಿದು ಅಂತ ಒಂದರ ಹಿಂದೆ ಒಂದು ಕೆಲಸ ಪೋಣಿಸೋ ಅಭ್ಯಾಸ ಇದೆಯಲ್ಲ, ಒಂದೊಂದು ಕೊಂಡಿಗೂ ಚಿತ್ರದಲ್ಲಿ ಒಂದೊಂದು ಹೆಜ್ಜೆ ಕೂರಿಸಬಹುದು. 'ಬೆಲೆ = ಬೆಲೆ + 5' ಅನ್ನೋದು ಗಣಿತದ ಪ್ರಕಾರ ಹುಚ್ಚು ಲೈನು, ಇದೇ ಮೂರು ಹೆಜ್ಜೇಲಿ ಹೇಳಿದ್ರೆ ಹುಡುಗ್ರು ಕಣ್ಣೂ ಮಿಟುಕಿಸ್ಲಿಲ್ಲ. ನೋಡಿ, 15 ಇದೆ, 5 ಕೂಡಿಸು, ಒರೆಸಿ, 20 ಬರಿ. ಈಕ್ವಲ್ ಟು ಅನ್ನೋ ಪದಾನೇ ಆ ಮೊದಲ ವಾರ ಅಕ್ಕ ಬಾಯಿಗೆ ತಂದಿಲ್ಲ.

ಸ್ಕ್ರೀನ್ ಮೇಲೆ ಅಕ್ಷರ ಎಷ್ಟಿರಬೇಕು ಅಂತ ಇನ್ನೊಂದು ಚರ್ಚೆ. ಹೇಳ್ತಿರೋದನ್ನೇ ಪೂರ್ತಿ ಸಬ್‌ಟೈಟಲ್ ಹಾಕಿದ್ರೆ ಕಣ್ಣು ಅಲ್ಲಿ ಹೋಗಿ ಚಿತ್ರ ತಪ್ಪುತ್ತೆ ಅನ್ನೋದು ಮೇಯರ್ ವಾದ, ಒಪ್ಪೋ ಮಾತೇ. ಆದ್ರೆ ನಮ್ಮ ಹುಡುಗ್ರು ನೋಡೋದು ಪ್ರೈವೇಟ್ ಬಸ್ಸಲ್ಲಿ, ಇಯರ್‌ಫೋನ್ ಎಲ್ಲರ ಹತ್ರ ಇಲ್ಲ, ಬಸ್ಸಿನ ಹಾಡಿನ ಮುಂದೆ ಅಕ್ಕನ ದನಿ ಎಲ್ಲಿ ಕೇಳಬೇಕು. ಅದಕ್ಕೇ ನೋಡಿ, ಒರೆಸಿ, ಬರಿ ಅನ್ನೋ ಮೂರು ಪದ ಮಾತ್ರ ಆಯಾ ಸ್ಲೇಟಿನ ಪಕ್ಕದಲ್ಲೇ ದೊಡ್ಡದಾಗಿ ಬರುತ್ತೆ, ದನಿ ಇಲ್ಲದಿದ್ರೂ ಕಥೆ ಗೊತ್ತಾಗುತ್ತೆ.

ಒತ್ತಕ್ಷರದ ಕಾಟ

ಬೇಗ ಹೇಳಿ ಮುಗಿಸ್ತೀನಿ. ಮ್ಯಾನಿಮ್‌ನಲ್ಲಿ ಕನ್ನಡ ಬರೆಯೋಕೆ ಟೆಕ್ಸ್ಟ್ ಅನ್ನೋದನ್ನ ಬಳಸಿ, ಅದು ಪ್ಯಾಂಗೋ ಅನ್ನೋ ಅಕ್ಷರ ಜೋಡಿಸೋ ಲೈಬ್ರರಿ ಮೂಲಕ ಹೋಗೋದ್ರಿಂದ ಒತ್ತು, ಕೊಂಬು ಎಲ್ಲಾ ಸರಿಯಾಗಿ ಕೂರುತ್ತೆ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದ್ರೆ ಸಾಕು. ಗಣಿತದ ಸೂತ್ರ ಬರೆಯೋಕಂತ ಇರೋ ಲೇಟೆಕ್ ಅನ್ನೋ ವ್ಯವಸ್ಥೆಯ ದಾರಿ ಹಿಡಿದ್ರೆ ಡೀಫಾಲ್ಟ್ ಸೆಟ್ಟಿಂಗಲ್ಲಿ ಕನ್ನಡ ಬರಲ್ಲ. ಟೆಕ್ಸ್ಟ್ ಸರಿ ಇದ್ರೂ ಒಂದು ಗುಂಡಿ ಇದೆ. ಕೈಯಲ್ಲಿ ಬರೆದ ಹಾಗೆ ತೋರಿಸೋ ಆನಿಮೇಷನ್ ಹಾಕಿದ್ರೆ ಅದು ಅಕ್ಷರ ಲೆಕ್ಕ ಮಾಡಲ್ಲ, ಫಾಂಟಿನ ತುಂಡುಗಳನ್ನ ಲೆಕ್ಕ ಮಾಡುತ್ತೆ, ಒತ್ತು ಅದಕ್ಕೆ ಬೇರೆ ತುಂಡು. 'ಮೊತ್ತ' ಅಂತ ಬರೆಯುವಾಗ ಅರ್ಧ ಸೆಕೆಂಡ್ 'ಮೊತ' ಅಂತಿದ್ದು ಆಮೇಲೆ ಕೆಳಗೆ ಒತ್ತು ಬಂದು ಕೂರುತ್ತೆ. ಇಂಗ್ಲಿಷ್ ಟ್ಯುಟೋರಿಯಲ್ ನೋಡ್ಕೊಂಡು ಮೂರನೇ ಅಕ್ಷರಕ್ಕೆ ಹಳದಿ ಬಣ್ಣ ಹಾಕು ಅಂದ್ರೆ ಒತ್ತಿಗೆ ಮಾತ್ರ ಹಳದಿ ಆಗುತ್ತೆ. ನಾನು ಕನ್ನಡ ಪದಗಳಿಗೆಲ್ಲಾ ಇಡಿಯಾಗಿ ನಿಧಾನಕ್ಕೆ ಮೂಡೋ ಫೇಡ್ ಹಾಕ್ದೆ, ಬಳಪದ ಬರವಣಿಗೆ ಅಂಕಿಗಳಿಗೆ ಮಾತ್ರ. ಇನ್ನು ಆ ಹಳದಿ ಲ್ಯಾಬ್ ಪ್ರೊಜೆಕ್ಟರಲ್ಲಿ ಬಿಳೀ ಥರಾನೇ ಕಾಣುತ್ತೆ, ಬಣ್ಣದಿಂದ ಅರ್ಥ ಹೇಳೋ ಆಸೆ ಬಿಟ್ಟೆ.

ಎರಡನೇ ಸಲ

ಹೊಸ ವಿಡಿಯೋ ತೋರಿಸೋ ಮುಂಚೆ ಇನ್ನೊಂದು ಬದಲಾವಣೆ ಮಾಡಿದ್ವಿ, ನನ್ನ ಪ್ರಕಾರ ಸ್ಲೇಟಿಗಿಂತ ದೊಡ್ಡದು ಇದೇ. ಕ್ರಿಸ್ ಹಂಡ್‌ಹೌಸನ್ ಮತ್ತು ಜೊತೆಗಾರರು 2002ರಲ್ಲಿ ಆಲ್ಗರಿದಮ್, ಅಂದ್ರೆ ಪ್ರೋಗ್ರಾಮಿನ ಹೆಜ್ಜೆಗಳನ್ನ ತೋರಿಸೋ ಚಿತ್ರಗಳ ಮೇಲಿನ 24 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಅದರಲ್ಲಿ ಹೊರಬಿದ್ದಿದ್ದು, ಕಲಿಯೋರು ಏನು ನೋಡ್ತಾರೆ ಅನ್ನೋದಕ್ಕಿಂತ ನೋಡುವಾಗ ಏನು ಮಾಡ್ತಾರೆ ಅನ್ನೋದೇ ಹೆಚ್ಚು ಮುಖ್ಯ ಅಂತ. ಅಂದ್ರೆ ಅಕ್ಕನ ಚೀಟಿ ಪರೀಕ್ಷೆ ವಿಡಿಯೋ ಆದ್ಮೇಲಲ್ಲ, ವಿಡಿಯೋ ಒಳಗೇ ಇರಬೇಕು.

ಮೊದಲು ನಾನು ನಡುವೆ "ನಿಲ್ಲಿಸಿ, ಬರ್ಕೊಳ್ಳಿ" ಅಂತ 8 ಸೆಕೆಂಡಿನ ಕಾರ್ಡ್ ಹಾಕ್ದೆ. ಒಬ್ಬನೂ ನಿಲ್ಲಿಸ್ಲಿಲ್ಲ. ಸ್ಕ್ರೀನ್ ಎರಡು ಸಲ ತಟ್ಟಿದ್ರೆ 10 ಸೆಕೆಂಡ್ ಮುಂದಕ್ಕೆ ಹೋಗುತ್ತಲ್ಲ, ನನ್ನ ಕಾರ್ಡು ಸರಿಯಾಗಿ ಅದಕ್ಕೇ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಆಮೇಲೆ ವಿಡಿಯೋನೇ ಕತ್ತರಿಸಿದ್ವಿ. ನಾಲ್ಕು ನಿಮಿಷದ್ದು ಐದು ತುಂಡಾಯ್ತು, ಪ್ರತಿ ತುಂಡೂ ಪ್ರಶ್ನೆಗೆ ಬಂದು ನಿಲ್ಲುತ್ತೆ, ಸ್ಲೇಟ್ ಖಾಲಿ, ಬಳಪ ಮೇಲೆತ್ತಿದೆ, ಮುಗೀತು. ಉತ್ತರ ಮುಂದಿನ ತುಂಡಲ್ಲಿ, ಅದನ್ನ ಅಕ್ಕ ಗ್ರೂಪಿಗೆ ಹಾಕೋದು ಎಲ್ಲರೂ ಬರೆದಾದ್ಮೇಲೇನೇ. ಧಾರಾವಾಹಿ ನೋಡ್ಕೊಂಡು ಬೆಳೆದೋರಿಗೆ ಇದೇನು ಹೊಸದಲ್ಲ. ಚಿಕ್ಕ ವಿಡಿಯೋ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಸುಮಾರು 69 ಲಕ್ಷ ಸಲದ ವೀಕ್ಷಣೆ ಲೆಕ್ಕ ಹಾಕಿ ಫಿಲಿಪ್ ಗುವೊ ತಂಡ 2014ರಲ್ಲಿ 6 ನಿಮಿಷದೊಳಗೆ ಇರ್ಲಿ ಅಂದಿದ್ದೇ ಎಲ್ಲರ ಬಾಯಲ್ಲಿದೆ. ನಾವು ಕತ್ತರಿಸಿದ್ದು ಉದ್ದ ಕಮ್ಮಿ ಮಾಡೋಕಲ್ಲ, ಬರೆಯೋಕೆ ಜಾಗ ಮಾಡೋಕೆ.

ಈ ಸಲದ ಚೀಟಿಗಳಲ್ಲಿ ಖಾಲಿ ಅಂತ ಬರೆದೋರು ಯಾರೂ ಇಲ್ಲ, 25ನೂ ಇಲ್ಲ. ಹಳೇಬೆಲೆ 15 ಅಂತ ಒಂದಷ್ಟು ಜನ ಇನ್ನೂ ಬರೆದಿದ್ರು. ಒಂದು ಮಾತು ಒಪ್ಕೋಬೇಕು, ಇವರು ಅದೇ ಹುಡುಗ್ರು, ಅದೇ ಪ್ರಶ್ನೆಯ ಅಣ್ಣತಮ್ಮಂದಿರಂಥ ಪ್ರಶ್ನೆ, ನಡುವೆ ಅಕ್ಕ ಬೋರ್ಡ್ ಮೇಲೂ ಹೇಳ್ಕೊಟ್ಟಿದ್ಲು, ಹಂಗಾಗಿ ಎಲ್ಲಾ ಸ್ಲೇಟಿನ ಪವಾಡ ಅಂತ ನಾನು ಹೇಳಲ್ಲ. ನಾನು ನಂಬೋದು ಒಂದು ಚೀಟಿಯನ್ನ. ಅದರಲ್ಲಿ ಹುಡುಗನೋ ಹುಡುಗಿಯೋ ಯಾರೋ ಎರಡು ಪುಟ್ಟ ಚೌಕ ಹಾಕ್ಕೊಂಡು, ಒಂದರಲ್ಲಿ 10 ಬರೆದು ಪೆನ್ನಲ್ಲಿ ಗೀಚಿ ಪಕ್ಕದಲ್ಲಿ 15 ಬರೆದಿದ್ರು, ಇನ್ನೊಂದರಲ್ಲಿ ಬರೀ 10. ಚೌಕ ಹಾಕಿ ಅಂತ ಯಾರೂ ಹೇಳಿರ್ಲಿಲ್ಲ.

ಪೈಥಾನ್ ಟ್ಯೂಟರ್ ಅಂತ ಒಂದು ವೆಬ್‌ಸೈಟ್ ಇದೆಯಲ್ಲ, ಅದೇ ಫಿಲಿಪ್ ಗುವೊ ಮಾಡಿದ್ದು, ನಮ್ಮ ಕೋಡ್ ಹಾಕಿದ್ರೆ ಒಂದೊಂದೇ ಲೈನ್ ನಡೆಸಿ ವೇರಿಯಬಲ್ ಬದಲಾಗೋದು ತೋರಿಸುತ್ತೆ, ಅದನ್ನೇ ಬಳಸಬಹುದಿತ್ತಲ್ಲ ಅಂತ ಕೇಳ್ತೀರ. ಅಕ್ಕ ಮೊದಲೇ ಬಳಸಿ ನೋಡಿದ್ಲು, ಹುಡುಗ್ರು ನೆಕ್ಸ್ಟ್ ಬಟನ್ ಟಪಟಪ ಒತ್ತಿ ಕೊನೆಗೆ ಹೋಗಿಬಿಡ್ತಿದ್ರು, ಏನು ನೋಡಬೇಕು ಅಂತಾನೇ ಗೊತ್ತಿಲ್ಲ. ಸ್ಲೇಟ್ ಆದ್ಮೇಲೆ ಅದನ್ನೇ ಕೊಟ್ಟಾಗ "ಇಲ್ಲಿ ಒರೆಸ್ತು ನೋಡೋ" ಅಂತ ಪಕ್ಕದೋನಿಗೆ ತೋರಿಸ್ತಿದ್ರಂತೆ.

ಲಿಸ್ಟ್ ಬಂದಾಗ

ಆಫೀಸಲ್ಲಿ ಒಬ್ಬ ಫ್ರೆಂಡ್ ಸ್ಲೇಟ್ ವಿಡಿಯೋ ನೋಡಿ "ಸುಳ್ಳು ಹೇಳ್ಕೊಡ್ತಿದೀಯ" ಅಂದ. ಅವನು ಹೇಳೋದು ಸರಿ. ಸಿ ಭಾಷೇಲಾದ್ರೆ ಸ್ಲೇಟ್ ನಿಜ, ಪ್ರತಿ ವೇರಿಯಬಲ್‌ಗೂ ಅದರದ್ದೇ ಜಾಗ. ಪೈಥಾನಲ್ಲಿ ಹೆಸರು ಅನ್ನೋದು ಮೆಮೊರಿಲಿ ಎಲ್ಲೋ ಇರೋ ವಸ್ತುವಿಗೆ ಅಂಟಿಸಿದ ಚೀಟಿ ಮಾತ್ರ, 'ಹಳೇಬೆಲೆ = ಬೆಲೆ' ಅಂದಾಗ ಅಂಕಿ ನಕಲಾಗಲ್ಲ, ಒಂದೇ ವಸ್ತುವಿಗೆ ಎರಡು ಹೆಸರು ಆಗುತ್ತೆ. ಅಂಕಿಗಳನ್ನ ಇದ್ದಲ್ಲೇ ತಿದ್ದೋಕೆ ಬರಲ್ಲ, ಹಂಗಾಗಿ ಈ ಸುಳ್ಳು ಯಾವತ್ತೂ ಸಿಕ್ಕಿಬೀಳಲ್ಲ. ಲಿಸ್ಟ್ ಬಂದ ದಿನ ಸಿಕ್ಕಿಬೀಳುತ್ತೆ. ಲಿಸ್ಟ್ ಅಂದ್ರೆ ಒಂದೇ ಹೆಸರಿನಡಿ ಸಾಲಾಗಿ ಇಟ್ಟ ಸುಮಾರು ವಿಷಯ, ಅದನ್ನ ಇದ್ದಲ್ಲೇ ತಿದ್ದಬಹುದು. ಅಕ್ಕನ ತರಕಾರಿ ಲಿಸ್ಟಿಗೆ ತಮ್ಮನ ಲಿಸ್ಟ್ ಅಂತ ಇನ್ನೊಂದು ಹೆಸರು ಕೊಟ್ಟು, ತಮ್ಮನದ್ದಕ್ಕೆ ಬದನೆಕಾಯಿ ಸೇರಿಸಿದ್ರೆ ಅಕ್ಕಂದ್ರಲ್ಲೂ ಬದನೆಕಾಯಿ ಬರುತ್ತೆ.

ಅವನ ಸಲಹೆ ಸ್ಲೇಟ್ ಎಸೆದು ಮೊದಲ ದಿನದಿಂದಾನೇ ಚೀಟಿ ಹೋಲಿಕೆ ತಗೋ ಅಂತ. ಎರಡು ರಾತ್ರಿ ವಾದ ಮಾಡಿದ್ವಿ. ನಾನು ಒಪ್ಲಿಲ್ಲ, ಈಗ್ಲೂ ಒಪ್ಪಲ್ಲ, ಮೊದಲ ವಾರದ ಹುಡುಗನಿಗೆ ಮೆಮೊರಿ, ವಸ್ತು, ಹೆಸರು ಅಂತ ಮೂರು ಕಾಣದ ಸಾಮಾನು ಕೊಟ್ರೆ ಅವನು ಮತ್ತೆ ಸೀಲಿಂಗ್ ನೋಡ್ತಾನೆ. ಆದ್ರೆ ಲಿಸ್ಟ್ ದಿನ ಸ್ಲೇಟ್ ಒಡೆದು ಹಾಕೋದೂ ಬೇಕಾಗ್ಲಿಲ್ಲ. ಸ್ಲೇಟ್ ಮೇಲೆ ಲಿಸ್ಟನ್ನೇ ಬರೆಯಲ್ಲ, ಅದಿರೋ ಮನೆ ನಂಬರ್ ಬರೀತೀವಿ. ಲಿಸ್ಟು ಒಂದು ಮನೆ, ಬಾಗಿಲ ಮೇಲೆ 204. ಅಕ್ಕನ ಸ್ಲೇಟಲ್ಲಿ 204. ತಮ್ಮ ನೋಡಿ, ಒರೆಸಿ, ಬರೆದ, ಅವನ ಸ್ಲೇಟಲ್ಲೂ 204. ಈಗ ಬದನೆಕಾಯಿ ಹಿಡ್ಕೊಂಡು ತಮ್ಮ 204ಕ್ಕೆ ಹೋದ್ರೆ ಅದು ಅಕ್ಕನ ಮನೆನೂ ಹೌದು. ನಿಯಮ ಒಂದೂ ಬದಲಾಗ್ಲಿಲ್ಲ, ನಕಲಾಗಿದ್ದು ವಿಳಾಸ ಅಷ್ಟೇ. ಪೈಥಾನ್ ಒಳಗೆ ನಡೆಯೋದಕ್ಕೂ ಇದು ಸುಮಾರು ಹತ್ತಿರ, ಫ್ರೆಂಡ್ ಇದನ್ನ ನೋಡಿ ಏನೂ ಹೇಳದೆ ಕಾಫಿ ಕುಡಿಸಿದ.

ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಲೂಪಿನ ವಿಡಿಯೋದಲ್ಲಿ ಇನ್ನೊಂದು ಎಡವಟ್ಟಾಯ್ತು, ಅದು ಚಿತ್ರದ್ದಲ್ಲ ಮಾತಿಂದು. ಲೂಪ್ ಎಲ್ಲಿವರೆಗೆ ನಡೀಬೇಕು ಅಂತ ಹೇಳೋ ವೈಲ್ ಅನ್ನೋ ಪದಕ್ಕೆ ನಾನು ಬರೆದಿದ್ದು "ಎಣಿಕೆ 5ಕ್ಕಿಂತ ಕಡಿಮೆ ಇರೋವರೆಗೆ". ಅಕ್ಕ ಕೌದಿಯೊಳಗೆ ಓದುವಾಗ "ಕಡಿಮೆ ಆಗೋವರೆಗೆ" ಅಂದಿದಾಳೆ, ಇಬ್ರಿಗೂ ಗೊತ್ತಾಗ್ಲಿಲ್ಲ, ಕೇಳೋಕೆ ಎರಡೂ ಒಂದೇ ಥರ. ಕ್ಲಾಸಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು "ಮೇಡಂ, 1 ಆಗ್ಲೇ 5ಕ್ಕಿಂತ ಕಡಿಮೆ ಇದೆಯಲ್ಲ, ಹಂಗಾದ್ರೆ ಲೂಪು ಶುರುನೇ ಆಗಬಾರ್ದಲ್ವಾ" ಅಂದ್ಲು. ಇರೋವರೆಗೆ ಅಂದ್ರೆ ನಿಜ ಇರೋ ತನಕ ಮಾಡು, ಆಗೋವರೆಗೆ ಅಂದ್ರೆ ನಿಜ ಆದ ತಕ್ಷಣ ನಿಲ್ಲಿಸು, ಪೂರ್ತಿ ಉಲ್ಟಾ. ಕಂಡೀಷನ್ ಅಂದ್ರೇನು ಅಂತ ಅವಳಿಗೆ ನಮಗಿಂತ ಚೆನ್ನಾಗಿ ಅರ್ಥ ಆಗಿತ್ತು. ಆ ತುಂಡನ್ನ ತಿದ್ದಿ ರೆಕಾರ್ಡ್ ಮಾಡಿದ್ವಿ, ಹಳೇದನ್ನೂ ಇಟ್ಕೊಂಡಿದೀವಿ, ಈಗ ಅಕ್ಕ ಎರಡನ್ನೂ ಹಾಕಿ ತಪ್ಪು ಯಾವುದು ಹೇಳಿ ಅಂತ ಕೇಳ್ತಾಳೆ.

ಸದ್ಯಕ್ಕೆ ಫಂಕ್ಷನ್, ಅಂದ್ರೆ ಹೆಸರಿಟ್ಟು ಬೇಕಾದಾಗ ಕರೆಯೋ ಕೋಡಿನ ತುಂಡು, ಅದರ ವಿಡಿಯೋ ಮೇಲೆ ಕೂತಿದೀನಿ. ಫಂಕ್ಷನ್ ಕರೆದಾಗ ಅದಕ್ಕೆ ಹೊಸ ಸ್ಲೇಟುಗಳು ಬರ್ತವೆ, ಅಲ್ಲಿವರೆಗೂ ಸರಿ, ಕೆಲಸ ಮುಗಿಸಿ ವಾಪಸ್ ಹೋಗುವಾಗ ಆ ಸ್ಲೇಟುಗಳು ಏನಾಗ್ತವೆ ಅನ್ನೋದ್ರಲ್ಲಿ ಅಕ್ಕಂಗೂ ನಂಗೂ ಜಗಳ. ಕೆಳಗೆ ಬಿದ್ದು ಫಳ್ ಅಂತ ಒಡೀಲಿ, ಹುಡುಗ್ರಿಗೆ ನೆನಪಿರುತ್ತೆ ಅನ್ನೋದು ನನ್ನ ವಾದ, ಒಡೆಯೋ ಸೌಂಡೂ ರೆಡಿ ಇದೆ. ಒಡೆದ್ರೆ ಇನ್ನೊಂದು ಸಲ ಅದೇ ಫಂಕ್ಷನ್ ಕರೆಯೋಕೆ ಆಗಲ್ವಾ ಮೇಡಂ ಅಂತ ಕೇಳೋನು ಒಬ್ಬ ಇದ್ದೇ ಇರ್ತಾನೆ ಕಣೋ ಅಂತ ಅವಳು.